ಅರ್ಧ ಇಡ್ಲಿಗೇ ಹೊಟ್ಟೆ ತುಂಬಿದ್ರೆ?

ಅರ್ಧ ಇಡ್ಲಿಗೇ ಹೊಟ್ಟೆ ತುಂಬಿಬಿಟ್ರೆ,
ಮೈಗೆ ಶಕ್ತಿ ಎಲ್ಲಿಂದ ಬರುತ್ತೆ?

ತೂಕ ಇಳಿಸೋ ಸ್ಲೀವ್ ಸರ್ಜರಿಯಲ್ಲಿ
ಜಠರದ ಸುಮಾರು ಶೇಕಡಾ 80 ಭಾಗ ತೆಗೀತಾರೆ.
ಉಳಿಯೋದು ಬಾಳೆಹಣ್ಣಿನಂಥ ಸಣ್ಣ ಚೀಲ.

ಮೊದಲ ಕೆಲವು ವಾರ ಗಂಜಿ, ಸಾರಿನ ತಿಳಿ.
ಗಟ್ಟಿ ಊಟ ಶುರುವಾದ ಮೇಲೆ,
ಮೊದಲ ತುತ್ತು ಪ್ರೋಟೀನಿಗೇ ಮೀಸಲು.
ಮೊಟ್ಟೆ, ಪನೀರ್, ಮೀನು, ಮೆತ್ತಗೆ ಬೆಂದ ಬೇಳೆ.
ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು.
ಅನ್ನ ಆಮೇಲೆ.

ನೀರು? ಊಟದ ಜೊತೆ ಬೇಡ.
ಅರ್ಧ ಗಂಟೆ ಬಿಟ್ಟು, ಗುಟುಕು ಗುಟುಕಾಗಿ.

ಸರ್ಜರಿ ಆಗಿ ಮೂರ್ನಾಲ್ಕು ತಿಂಗಳಿಗೆ
ಬಾಚಣಿಗೆ ತುಂಬ ಕೂದಲು ಬರಬಹುದು.
ಗಾಬರಿ ಬೇಡ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತೆ.

ಡಾಕ್ಟರ್ ಕೊಟ್ಟ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ
ಮಾತ್ರ ಬಿಡಲೇಬೇಡಿ.
ತೂಕ ಇಳಿದ ಮೇಲೂ.

ಮನೆಯವರೇ,
"ಇನ್ನೊಂದ್ ಚೂರು ತಿನ್ನು" ಅಂತ
ಬಲವಂತ ಮಾಡ್ಬೇಡಿ, ದಯವಿಟ್ಟು.
ಆ ಒಂದು ತುತ್ತಿಗೇ ವಾಂತಿ ಆಗಬಹುದು.
ಬದಲಿಗೆ, ಡಾಕ್ಟರ್ ಹೇಳಿದ ರಕ್ತಪರೀಕ್ಷೆಗೆ ಜೊತೆಗೆ ಹೋಗಿ.