ಕಾಯುವುದು ಮೋಟಾರು, ತಪ್ಪು ಗೇರಿನದು

ರಿಮೋಟಿನಲ್ಲಿ ಓಡುವ ಎಲೆಕ್ಟ್ರಿಕ್ ಟ್ರಕ್ಕಿನ ಮೋಟಾರು ಕೈ ಇಡಲಾಗದಷ್ಟು ಕಾದರೆ ಹೆಚ್ಚಿನವರು ದೂರುವುದು ಮೋಟಾರಿನ ಗಾತ್ರವನ್ನೇ. ಇನ್ನೂ ದೊಡ್ಡದು ಬೇಕಿತ್ತು ಅನ್ನುವವರು ಕೆಲವರು, ದೊಡ್ಡದು ಹಾಕಿದ್ದಕ್ಕೇ ಕಾಯುತ್ತಿದೆ ಅನ್ನುವವರು ಇನ್ನು ಕೆಲವರು. ನನ್ನ ಪ್ರಕಾರ ಮೊದಲು ಎಣಿಸಬೇಕಾದ್ದು ಪಿನಿಯನ್ನಿನ ಹಲ್ಲು. ಮೋಟಾರಿನ ಶಾಫ್ಟಿಗೆ ಸಣ್ಣ ಸ್ಕ್ರೂನಿಂದ ಬಿಗಿದ ಪುಟ್ಟ ಗೇರೇ ಪಿನಿಯನ್; ಅದು ತಿರುಗಿಸುವ ದೊಡ್ಡ ಗೇರು ಸ್ಪರ್. 86 ಹಲ್ಲಿನ ಸ್ಪರ್‌ಗೆ 19 ಹಲ್ಲಿನ ಪಿನಿಯನ್ ಕೂಡಿಸಿದರೆ, ಸ್ಪರ್ ಒಂದು ಸುತ್ತು ಬರಲು ಮೋಟಾರು ಸುಮಾರು ನಾಲ್ಕೂವರೆ ಸುತ್ತು ತಿರುಗಬೇಕು. ವೇಗದ ಆಸೆಗೆ 23 ಹಲ್ಲಿನದನ್ನು ಹಾಕಿದರೆ ಮೂರೂಮುಕ್ಕಾಲು ಸುತ್ತು ಸಾಕು. ಆದರೆ ಅದೇ ಟ್ರಕ್ಕನ್ನು ಅದೇ ಹುಲ್ಲಿನ ಮೇಲೆ ಎಳೆಯಲು ಮೋಟಾರು ಈಗ ಶೇ. 21ರಷ್ಟು ಹೆಚ್ಚು ತಿಣುಕಬೇಕು, ಕರೆಂಟನ್ನೂ ಅಷ್ಟೇ ಹೆಚ್ಚು ಎಳೆಯಬೇಕು. ಸುರುಳಿಯ ತಂತಿಯಲ್ಲಿ ಹುಟ್ಟುವ ಬಿಸಿಯೋ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.21ನ್ನು 1.21ರಿಂದ ಗುಣಿಸಿ ನೋಡಿ: ನಾಲ್ಕೇ ಹಲ್ಲಿಗೆ ಬಿಸಿ ಹತ್ತಿರ ಹತ್ತಿರ ಒಂದೂವರೆ ಪಟ್ಟು. ದೊಡ್ಡ ಟೈರು ಹಾಕಿದರೂ ಲೆಕ್ಕ ಇದೇ.

ಟಾಪ್ ಗೇರಿನಲ್ಲಿ ದಿಬ್ಬ ಹತ್ತಿಸಿದರೆ ಬೈಕು ಜಗ್ಗಾಡಿ ಆಫ್ ಆಗುತ್ತದೆ. ಎಲೆಕ್ಟ್ರಿಕ್ ಮೋಟಾರಿಗೆ ಆ ಸೌಜನ್ಯವಿಲ್ಲ. ನಿಧಾನವಾದಷ್ಟೂ ಅದು ಹೆಚ್ಚು ಕರೆಂಟು ಎಳೆಯುತ್ತದೆ. ಚಕ್ರ ಕಲ್ಲಿಗೆ ಸಿಕ್ಕಿ ನಿಂತೇಬಿಟ್ಟಾಗಂತೂ ಎಲ್ಲಕ್ಕಿಂತ ಹೆಚ್ಚು. 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯುವಷ್ಟರಲ್ಲಿ ತಾಮ್ರದ ರೋಧ ಶೇ. 30ರಷ್ಟು ಏರಿರುತ್ತದೆ, ಅದರಿಂದ ಇನ್ನಷ್ಟು ಬಿಸಿ. ಬ್ರಶ್‌ಲೆಸ್ ಮೋಟಾರಿನೊಳಗಿನ ನಿಯೋಡಿಮಿಯಂ ಅಯಸ್ಕಾಂತ ಸಾಮಾನ್ಯ ದರ್ಜೆಯದಾಗಿದ್ದರೆ 80 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಅಪಾಯ: ಕಳೆದುಕೊಂಡ ಶಕ್ತಿ ತಣ್ಣಗಾದ ಮೇಲೂ ಪೂರ್ತಿ ಮರಳುವುದಿಲ್ಲ.

ಹಾಗಾದರೆ ದೊಡ್ಡ ಮೋಟಾರು ದಂಡವೇ? ಖಂಡಿತ ಇಲ್ಲ. 540, 550 ಎಂಬ ಎರಡು ಗಾತ್ರದ ಮೋಟಾರುಗಳ ವ್ಯಾಸವೂ ಸುಮಾರು 36 ಮಿ.ಮೀ.; ಉದ್ದ ಮಾತ್ರ 50ರ ಬದಲು 57. ಆ 7 ಮಿ.ಮೀ.ನಲ್ಲಿ ತಾಮ್ರ, ಕಬ್ಬಿಣ ಎರಡೂ ಹೆಚ್ಚು ಹಿಡಿಯುವುದರಿಂದ ಅದೇ ಕೆಲಸಕ್ಕೆ 550 ಕಡಿಮೆ ಕಾಯುತ್ತದೆ. ಆದರೆ ಅದನ್ನು ಕೂರಿಸಿದವರು ಅದೇ ಕೆಲಸ ಕೊಟ್ಟು ಸುಮ್ಮನಿರುತ್ತಾರೆಯೇ? ಹಿಂದೆಯೇ ದೊಡ್ಡ ಪಿನಿಯನ್ನೂ ಬರುತ್ತದೆ. ಫ್ಯಾನ್ ಹಾಕಿದರಾಯಿತಲ್ಲ ಅನ್ನುವ ವಾದ ಅರ್ಧ ಸರಿ. ಗಾಳಿ ತಾಗುವುದು ಹೊರಗಿನ ಡಬ್ಬಿಗೆ, ಸುರುಳಿಯ ಬಿಸಿ ಅಲ್ಲಿಗೆ ಬರುವುದು ತಡವಾಗಿ. ಹಾಗೆಂದು ಪಿನಿಯನ್ ಅತಿ ಚಿಕ್ಕದಾದರೆ ಮೋಟಾರು ಸುಮ್ಮನೆ ಕಿರುಚುತ್ತಾ ತಿರುಗಿ ಕಬ್ಬಿಣದ ಕೋರೇ ಕಾಯುತ್ತದೆ. ಕಂಪನಿ ಹೇಳಿದ ಹಲ್ಲಿನಿಂದ ಶುರುಮಾಡಿ, ಐದು ನಿಮಿಷ ಓಡಿಸಿ, ಟೆಂಪರೇಚರ್ ಗನ್ ಹಿಡಿಯಿರಿ. 70 ಡಿಗ್ರಿಯೊಳಗಿದ್ದರೂ ಹಲ್ಲು ಹೆಚ್ಚಿಸಲು ಅವಸರ ಬೇಡ. ಟ್ರಕ್ ನಿಲ್ಲಿಸಿ ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿದರೆ ಅಂಕಿ ಇಳಿಯುವ ಬದಲು ಏರಿರುವುದುಂಟು.