ಅಂಗಿ ಮೈಮೇಲೇ ಇರಲಿ

ಇಂಗ್ಲಿಷ್ ಕಥೆಯನ್ನೋ ನಾಟಕವನ್ನೋ ಓದುವಾಗ, ಸಿಟ್ಟಿಗೆದ್ದ ಒಬ್ಬನಿಗೆ ಮತ್ತೊಬ್ಬನು ‘ಕೀಪ್ ಯುವರ್ ಷರ್ಟ್ ಆನ್’ ಎನ್ನುವುದನ್ನು ನೀವು ಕಂಡಿರಬಹುದು. ನಿಘಂಟು ಹಿಡಿದು ಪದಕ್ಕೆ ಪದವಿಟ್ಟರೆ ‘ನಿನ್ನ ಅಂಗಿ ಮೈಮೇಲೇ ಇರಲಿ’ ಎಂದಾಗುತ್ತದೆ. ಯಾರೂ ಅಂಗಿ ಬಿಚ್ಚದಿರುವಾಗ ಈ ಎಚ್ಚರಿಕೆ ಏಕೆ? ಅಂಗಿ ಇಲ್ಲಿ ನೆಪ ಮಾತ್ರ. ‘ದುಡುಕಬೇಡ, ಸ್ವಲ್ಪ ತಾಳು’ ಎಂಬುದಷ್ಟೇ ಅರ್ಥ. ಬಿಡಿ ಪದಗಳನ್ನು ಕೂಡಿಸಿದರೆ ದೊರೆಯದೆ, ಇಡೀ ಮಾತಿನಿಂದಲೇ ಹೊಳೆಯುವ ಇಂಥ ಪ್ರಯೋಗವನ್ನೇ ನಾವು ನುಡಿಗಟ್ಟು ಎನ್ನುವುದು.

ಇದು ಅಮೆರಿಕದ ಮಾತು. 1850ರ ದಶಕದಲ್ಲೇ ಅಲ್ಲಿ ಅಚ್ಚಿನಲ್ಲಿ ಕಾಣಿಸಿಕೊಂಡಿತು. ಜಗಳಕ್ಕೆ ನಿಂತವರು ಹರಿದೀತೆಂದು ಅಂಗಿಯನ್ನು ಮೊದಲು ಕಳಚಿಡುತ್ತಿದ್ದರು, ಅಂಗಿ ಮೈಮೇಲಿದ್ದರೆ ಹೊಡೆದಾಟವಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಆ ಕಾಲದ ಮುಷ್ಟಿಕಾಳಗದ ಜಟ್ಟಿಗಳೂ ಬರಿಮೈಯಲ್ಲೇ ಸೆಣಸುತ್ತಿದ್ದರು. ಇಂಗ್ಲೆಂಡಿನವರು ಇದೇ ಅರ್ಥದಲ್ಲಿ ‘ಕೀಪ್ ಯುವರ್ ಹೇರ್ ಆನ್’, ಅಂದರೆ ‘ಕೂದಲು ತಲೆಯ ಮೇಲೇ ಇರಲಿ’ ಎನ್ನುವುದುಂಟು. ಸಿಡುಕುವವನನ್ನು ‘ಷರ್ಟಿ’ ಎನ್ನುವ ರೂಢಿಯೂ ಅವರಲ್ಲಿದೆ. ಆದರೆ ‘ಲಾಸ್ಟ್ ಹಿಸ್ ಷರ್ಟ್’ ಎಂದರೆ ಸಿಟ್ಟಾದನೆಂದಲ್ಲ. ಜೂಜಿನಲ್ಲೋ ವ್ಯಾಪಾರದಲ್ಲೋ ಇದ್ದುದನ್ನೆಲ್ಲ ಕಳೆದುಕೊಂಡನೆಂದು. ಅಂಗಿ ಒಂದೇ, ಅರ್ಥ ಬೇರೆ.

ಪರಭಾಷೆಯ ವಿಚಿತ್ರವೆಂದು ನಾವು ನಗಬೇಕಾಗಿಲ್ಲ. ‘ತೋಳೇರಿಸಿಕೊಂಡು ಬಂದ’, ‘ತೊಡೆ ತಟ್ಟಿ ನಿಂತ’ ಎಂದು ನಾವೂ ಹೇಳುತ್ತೇವೆ. ಹಾಗೆ ಬಂದವನು ತುಂಬುತೋಳಿನ ಅಂಗಿ ತೊಟ್ಟಿರಲೇಬೇಕೆಂದಿಲ್ಲ. ನಿಂತವನು ಗರಡಿಯ ಪೈಲ್ವಾನನೇ ಆಗಬೇಕಿಲ್ಲ. ಈ ಮಾತುಗಳನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದರೆ ಅಲ್ಲಿನವರೂ ನಮ್ಮಂತೆಯೇ ಬೆರಗಾದಾರು.

ಇನ್ನೊಂದು ಎಚ್ಚರ ಮುಖ್ಯ. ಮೇಲಿನದು ಸಲಿಗೆಯ ಮಾತು. ಗೆಳೆಯ ಗೆಳೆಯನಿಗೆ ಹೇಳಿದರೆ ನಗೆಯಲ್ಲಿ ಮುಗಿಯುತ್ತದೆ. ಅದನ್ನೇ ಕಾಲೇಜಿನ ಹುಡುಗನೊಬ್ಬ ಉಪಾಧ್ಯಾಯರಿಗೋ, ಕಚೇರಿಯ ಹೊಸಬನೊಬ್ಬ ಮೇಲಧಿಕಾರಿಗೋ ಹೇಳಿದರೆ, ಶಾಂತಿಗಾಗಿ ಆಡಿದ ಮಾತೇ ಉರಿಯುವ ಬೆಂಕಿಗೆ ತುಪ್ಪವಾಗುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲ, ಮರ್ಯಾದೆಯಲ್ಲಿ ತಪ್ಪಿದೆ. ಕನ್ನಡದಲ್ಲಿ ಈ ಭೇದ ನಮಗೆ ಹೇಳಿಕೊಡದೆಯೇ ಗೊತ್ತು: ಓರಗೆಯವನಿಗೆ ‘ಸುಮ್ಮನಿರಯ್ಯ’ ಎನ್ನುತ್ತೇವೆ, ಹಿರಿಯರಿಗೆ ‘ಸ್ವಲ್ಪ ಸಮಾಧಾನ ಮಾಡಿಕೊಳ್ಳಿ’ ಎನ್ನುತ್ತೇವೆ. ಇಂಗ್ಲಿಷಿನಲ್ಲೂ ಹಿರಿಯರಿಗೆ ಸೌಮ್ಯವಾದ ಬೇರೆ ಮಾತುಗಳಿವೆ.

ಆದುದರಿಂದ ಮನೆಯಲ್ಲಿ ಮಕ್ಕಳು ಇಂಥ ಮಾತಿನ ಅರ್ಥ ಕೇಳಿದಾಗ ನಿಘಂಟಿನ ಜೊತೆಗೆ ಮೂರು ಪ್ರಶ್ನೆಗಳನ್ನೂ ಕೊಡಿ: ಯಾರು ಆಡಿದರು, ಯಾರಿಗೆ ಆಡಿದರು, ಯಾವ ಹೊತ್ತಿನಲ್ಲಿ ಆಡಿದರು? ಇವಕ್ಕೆ ಉತ್ತರ ದೊರೆತರೆ ತಕ್ಕ ಕನ್ನಡ ತಾನಾಗಿ ನಾಲಗೆಗೆ ಬರುತ್ತದೆ.