ನಿಮ್ಮ ಫೈಲು ಯಾವ ಕ್ಲೌಡ್‌ನಲ್ಲಿ ಕ್ಷೇಮ?

ಸಾಫ್ಟ್‌ವೇರ್ ಎಂಜಿನಿಯರ್ ಅಂದ ಕೂಡಲೇ ನೆಂಟರಿಷ್ಟರ ನಡುವೆ ನಮಗೊಂದು ಪರ್ಮನೆಂಟ್ ಡ್ಯೂಟಿ ಬಿದ್ದಿರುತ್ತದೆ. ಗೃಹಪ್ರವೇಶವಿರಲಿ, ಸೀಮಂತವಿರಲಿ, ಊಟಕ್ಕೆ ಕೂತ ಪಂಕ್ತಿಯಲ್ಲೇ ಪಕ್ಕದವರ ಫೋನು ನಮ್ಮ ಕೈಗೆ ಬರುತ್ತದೆ. “ಸ್ಟೋರೇಜ್ ಫುಲ್ ಅಂತ ಬರ್ತಾ ಇದೆ, ಸ್ವಲ್ಪ ನೋಡಪ್ಪಾ.” ಅದರ ಹಿಂದೆಯೇ ಇನ್ನೊಂದು ಪ್ರಶ್ನೆ. “ಗೂಗಲ್ ಡ್ರೈವ್ ಒಳ್ಳೇದಾ, ಐಕ್ಲೌಡಾ, ಒನ್‌ಡ್ರೈವಾ? ಯಾವುದಕ್ಕೆ ದುಡ್ಡು ಕಟ್ಟೋದು?”

ಎಷ್ಟು ಜಿಬಿಗೆ ಎಷ್ಟು ರೂಪಾಯಿ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ನಾನು ಮಾತ್ರ ಮೊದಲು ಅವರನ್ನೇ ಒಂದು ಪ್ರಶ್ನೆ ಕೇಳ್ತೀನಿ: ಈಗ ಈ ಫೋನಲ್ಲಿ ಒಂದು ಫೋಟೋ ಡಿಲೀಟ್ ಮಾಡಿದ್ರೆ, ಕ್ಲೌಡ್‌ನಲ್ಲಿರೋದು ಉಳಿಯುತ್ತಾ, ಹೋಗುತ್ತಾ? ಹತ್ತರಲ್ಲಿ ಎಂಟು ಜನ “ಉಳಿಯುತ್ತೆ” ಅಂತಾರೆ. ಗಾಬರಿ ಆಗೋದು ಅಲ್ಲೇ.

ಶಿವಮೊಗ್ಗದಲ್ಲಿರುವ ನನ್ನ ದೊಡ್ಡಮ್ಮನ ಮಗಳು ಕೂಡ ಹಾಗೇ ನಂಬಿದ್ದಳು. ಮಗ ಹುಟ್ಟಿದಾಗಿನಿಂದ ಎರಡು ವರ್ಷ ತೆಗೆದ ಫೋಟೋ, ವಿಡಿಯೋಗಳಿಂದ ಫೋನು ತುಂಬಿಹೋಗಿತ್ತು. ಎಲ್ಲಾ ಕ್ಲೌಡ್‌ಗೆ ಹೋಗಿದೆ ಎಂದು ಖಾತ್ರಿ ಮಾಡಿಕೊಂಡು, ಆ ಆ್ಯಪ್ ಒಳಗೇ ಎಲ್ಲವನ್ನೂ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದಳು. ಎರಡೂವರೆ ತಿಂಗಳಾದ ಮೇಲೆ ಹುಟ್ಟುಹಬ್ಬಕ್ಕೆ ಆಲ್ಬಮ್ ಮಾಡಿಸೋಣ ಅಂತ ಹುಡುಕಿದರೆ ಕ್ಲೌಡೂ ಖಾಲಿ. ಕಸದ ಬುಟ್ಟಿಯ ಗಡುವೂ ಮುಗಿದಿತ್ತು. ಕೊನೆಗೆ ದೊಡ್ಡಮ್ಮನ ಫೋನಿನಲ್ಲಿ, ಫ್ಯಾಮಿಲಿ ಗ್ರೂಪ್‌ನಿಂದ ತಾನಾಗೇ ಡೌನ್‌ಲೋಡ್ ಆಗಿದ್ದ ಮುನ್ನೂರು ಚಿಲ್ಲರೆ ಫೋಟೋ ಸಿಕ್ಕವು, ಅವೂ ವಾಟ್ಸಾಪ್ ಕುಗ್ಗಿಸಿದ್ದು. ಮಗ ಮೊದಲ ಹೆಜ್ಜೆ ಇಟ್ಟ ವಿಡಿಯೋ ಎಲ್ಲೂ ಸಿಗಲಿಲ್ಲ.

ಇದರಲ್ಲಿ ಆ ಕಂಪನಿಯ ಸಾಫ್ಟ್‌ವೇರ್ ಕೆಟ್ಟಿರಲಿಲ್ಲ. ಸಿಂಕ್ ಅಂದರೇನೇ ಅದು. ಒಂದು ಕಡೆ ಆದ ಬದಲಾವಣೆ ಎಲ್ಲ ಕಡೆಯೂ ಆಗಬೇಕು: ಸೇರಿಸಿದ್ದು ಸೇರಬೇಕು, ಅಳಿಸಿದ್ದು ಅಳಿಯಬೇಕು. ಕನ್ನಡಿ ಎದುರು ನಿಂತು ಮೀಸೆ ಬೋಳಿಸಿಕೊಂಡರೆ ಕನ್ನಡಿಯೊಳಗೆ ಮೀಸೆ ಉಳಿಯುತ್ತದೆಯೇ? ಬ್ಯಾಕಪ್ ಬೇರೆ ವಿಷಯ. ಅದು ಬೀರುವಿನಲ್ಲಿ ಬೀಗ ಹಾಕಿಟ್ಟ ಇನ್ನೊಂದು ಪ್ರತಿ. ಜಾಹೀರಾತುಗಳಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳ್ತಾರೆ, ನಾವೂ ಹಾಗೇ ನಂಬಿಬಿಡ್ತೀವಿ.

ಫೋನಿನಲ್ಲಿ ಜಾಗ ಖಾಲಿಯಾಗಬೇಕು, ಕ್ಲೌಡ್‌ನಲ್ಲಿ ಫೋಟೋ ಇರಬೇಕು ಅಂದರೆ ಅದಕ್ಕೆ ಬೇರೆಯೇ ಬಟನ್ ಇದೆ. ಗೂಗಲ್ ಫೋಟೋಸ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿದರೆ ‘ಫ್ರೀ ಅಪ್ ಸ್ಪೇಸ್’ ಕಾಣುತ್ತದೆ; ಅದು ಈಗಾಗಲೇ ಮೇಲೆ ಹೋಗಿರುವುದನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ. ಐಫೋನ್‌ನಲ್ಲಿ ಐಕ್ಲೌಡ್ ಫೋಟೋಸ್ ಸೆಟ್ಟಿಂಗ್‌ನೊಳಗೆ ‘ಆಪ್ಟಿಮೈಸ್ ಐಫೋನ್ ಸ್ಟೋರೇಜ್’ ಆನ್ ಮಾಡಿದರೆ ಪೂರ್ಣ ಗಾತ್ರದ್ದು ಕ್ಲೌಡ್‌ನಲ್ಲಿ, ಫೋನಿನಲ್ಲಿ ಸಣ್ಣ ಗಾತ್ರದ್ದು. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಒನ್‌ಡ್ರೈವ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅಲ್ಲೂ ‘ಫ್ರೀ ಅಪ್ ಸ್ಪೇಸ್’ ಇದೆ. ಡಿಲೀಟ್ ಬಟನ್‌ಗಿಂತ ಮೊದಲು ಇವುಗಳನ್ನು ಹುಡುಕಿ. ಅಪ್ಪಿತಪ್ಪಿ ಡಿಲೀಟ್ ಆದರೂ ಗಡುವು ಗೊತ್ತಿರಲಿ: ಗೂಗಲ್ ಫೋಟೋಸ್ ಬ್ಯಾಕಪ್ ಆಗಿದ್ದ ಫೋಟೋವನ್ನು ಕಸದ ಬುಟ್ಟಿಯಲ್ಲಿ 60 ದಿನ ಇಡುತ್ತದೆ. ಗೂಗಲ್ ಡ್ರೈವ್, ಐಕ್ಲೌಡ್ ಡ್ರೈವ್, ಒನ್‌ಡ್ರೈವ್‌ನ ಸ್ವಂತ ಖಾತೆ, ಡ್ರಾಪ್‌ಬಾಕ್ಸ್‌ನ ಉಚಿತ ಖಾತೆ ಇವೆಲ್ಲ ಕೊಡೋದು 30 ದಿನ.

ಈಗ ಯಾವುದು ಒಳ್ಳೇದು ಅನ್ನೋ ಪ್ರಶ್ನೆಗೆ ಬರೋಣ. ಉಚಿತವಾಗಿ ಗೂಗಲ್ 15 ಜಿಬಿ ಕೊಡುತ್ತದೆ, ಐಕ್ಲೌಡ್ ಮತ್ತು ಒನ್‌ಡ್ರೈವ್ 5 ಜಿಬಿ, ಡ್ರಾಪ್‌ಬಾಕ್ಸ್ ಬರೀ 2 ಜಿಬಿ. ಗೂಗಲ್ ಧಾರಾಳಿ ಅನ್ನಿಸಬಹುದು. ಆದರೆ ಆ 15 ಜಿಬಿಯಲ್ಲೇ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಸಂಸಾರ ಮಾಡಬೇಕು. 2021ರ ಜೂನ್ 1ರವರೆಗೆ ‘ಹೈ ಕ್ವಾಲಿಟಿ’ ಫೋಟೋಗಳು ಲೆಕ್ಕಕ್ಕೆ ಬರುತ್ತಿರಲಿಲ್ಲ, ಆಮೇಲೆ ಅದೂ ಬಂತು. 2024ರಿಂದ ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಕೂಡ ಅದೇ ಲೆಕ್ಕಕ್ಕೆ. ಜಾಗ ಪೂರ್ತಿ ತುಂಬಿದರೆ ಜಿಮೇಲ್‌ಗೆ ಮೇಲ್ ಬರೋದೇ ನಿಂತುಹೋಗುತ್ತದೆ. ಗುಡ್ ಮಾರ್ನಿಂಗ್ ವಿಡಿಯೋಗಳಿಂದ ಇಂಟರ್‌ವ್ಯೂ ಮೇಲ್ ತಪ್ಪಿಹೋದರೆ ಯಾರನ್ನ ಬೈಯೋದು ಹೇಳಿ!

ನನ್ನ ಮಟ್ಟಿಗೆ ಜಿಬಿಗಿಂತ ಮುಖ್ಯವಾದದ್ದು, ಮನೆಯಲ್ಲಿ ಯಾರ ಕೈಯಲ್ಲಿ ಯಾವ ಫೋನಿದೆ ಅನ್ನೋದು. ಎಲ್ಲರದ್ದೂ ಐಫೋನ್, ಮ್ಯಾಕ್ ಆದರೆ ಐಕ್ಲೌಡ್‌ನಷ್ಟು ನಿರಾಳ ಬೇರೊಂದಿಲ್ಲ, ತಿಂಗಳಿಗೆ 75 ರೂಪಾಯಿಗೆ 50 ಜಿಬಿ ಸಿಗುತ್ತದೆ. ಆದರೆ ಆಂಡ್ರಾಯ್ಡ್‌ಗೆ ಐಕ್ಲೌಡ್ ಡ್ರೈವ್ ಆ್ಯಪ್ಪೇ ಇಲ್ಲ, ಬ್ರೌಸರ್‌ನಲ್ಲೇ ತೆರೆಯಬೇಕು. ಗಂಡನದ್ದು ಐಫೋನ್, ಹೆಂಡತಿಯದ್ದು ಸ್ಯಾಮ್‌ಸಂಗ್, ಅತ್ತೆಯದ್ದು ರೆಡ್‌ಮಿ ಅನ್ನೋ ಮನೆಗಳೇ ನಮ್ಮಲ್ಲಿ ಜಾಸ್ತಿ. ಅಂಥವರಿಗೆ ನಾನು ಹೇಳೋದು ಗೂಗಲ್. ತಿಂಗಳಿಗೆ 130 ರೂಪಾಯಿಯ 100 ಜಿಬಿ ಪ್ಲಾನನ್ನು ಮನೆಯ ಇನ್ನೂ ಐವರ ಜೊತೆ ಹಂಚಿಕೊಳ್ಳಬಹುದು. ಜಾಗ ಹಂಚಿಕೆಯಾಗುತ್ತದೆಯೇ ಹೊರತು ನಿಮ್ಮ ಫೋಟೋ ಅವರಿಗೆ ಕಾಣುವುದಿಲ್ಲ. ವರ್ಡ್, ಎಕ್ಸೆಲ್‌ಗೆ ಹೇಗೂ ದುಡ್ಡು ಕಟ್ಟುತ್ತಿದ್ದೀರಾದರೆ ಮೈಕ್ರೋಸಾಫ್ಟ್ 365 ಫ್ಯಾಮಿಲಿ ನೋಡಿ. ಆರು ಜನಕ್ಕೆ ತಲಾ 1 ಟಿಬಿ, ಹಂಚಿಕೊಂಡರೆ ಅಗ್ಗ.

ಡ್ರಾಪ್‌ಬಾಕ್ಸ್ ಬಗ್ಗೆ ನನಗೆ ಒಂಥರಾ ಪ್ರೀತಿ. ಅದರ ಸ್ಥಾಪಕ ಡ್ರೂ ಹೂಸ್ಟನ್ ಬಾಸ್ಟನ್‌ನಿಂದ ನ್ಯೂಯಾರ್ಕಿಗೆ ಬಸ್ಸಿನಲ್ಲಿ ಹೊರಟಾಗ ಪೆನ್‌ಡ್ರೈವ್ ಮನೆಯಲ್ಲೇ ಮರೆತು, ಆ ರೇಜಿಗೆಗೆ ಬಸ್ಸಲ್ಲೇ ಕೋಡ್ ಬರೆಯಲು ಶುರು ಮಾಡಿದ್ದು ಪ್ರಸಿದ್ಧ ಕಥೆ. ಫೈಲನ್ನು ತುಂಡು ತುಂಡಾಗಿ ನೋಡಿ, ಬದಲಾದ ತುಂಡನ್ನು ಮಾತ್ರ ಕಳಿಸುವುದು ಅದರ ಜಾಣತನ. ನಿಧಾನ ನೆಟ್‌ನಲ್ಲಿ ದೊಡ್ಡ ಫೈಲ್ ತಿದ್ದುವವರಿಗೆ ಇದರ ಬೆಲೆ ಗೊತ್ತು. ಒನ್‌ಡ್ರೈವ್ ಕೂಡ ಈಗ ಹೀಗೇ ಮಾಡುತ್ತದೆ. ಆದರೆ ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಗೆ ಮೂರೇ ಸಾಧನ ಅನ್ನೋ ಮಿತಿ 2019ರಲ್ಲಿ ಬಂತು. ಫೋನು, ಆಫೀಸ್ ಲ್ಯಾಪ್‌ಟಾಪ್, ಮನೆ ಲ್ಯಾಪ್‌ಟಾಪ್, ಅಲ್ಲಿಗೆ ಮುಗೀತು.

ಆಫೀಸ್ ಲ್ಯಾಪ್‌ಟಾಪ್ ಅಂದಾಗ ನೆನಪಾಯ್ತು, ಈ ಭಾಗವನ್ನು ದಯವಿಟ್ಟು ಸ್ಕ್ರೋಲ್ ಮಾಡಿ ದಾಟಬೇಡಿ. ನನ್ನ ಗೆಳೆಯನೊಬ್ಬನಿಗೆ ಒಂದು ಬುಧವಾರ ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗ್ ಕರೆದು ಲೇಆಫ್ ಹೇಳಿದರು. ಮಧ್ಯಾಹ್ನದೊಳಗೆ ಲಾಗಿನ್ ಬಂದ್. ಅವನ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಕಂಪನಿಯ ಕ್ಲೌಡ್‌ಗೆ ತಾನಾಗೇ ಸಿಂಕ್ ಆಗುತ್ತಿದ್ದವು. ಫ್ಲ್ಯಾಟ್ ಅಗ್ರಿಮೆಂಟ್‌ನ ಸ್ಕ್ಯಾನ್, ಹಳೇ ಫಾರ್ಮ್ 16, ಅಪ್ಪನ ಆಪರೇಷನ್ ರಿಪೋರ್ಟ್ ಎಲ್ಲಾ ಅಲ್ಲೇ. ಎಚ್‌ಆರ್‌ಗೆ ಮೇಲ್ ಮೇಲೆ ಮೇಲ್ ಹಾಕಿದ. ಮೂರು ವಾರಕ್ಕೆ ಒಂದು ಜಿಪ್ ಫೈಲ್ ಬಂತು, ಅರ್ಧ ಕಾಗದ ಇರಲಿಲ್ಲ. ಕಂಪನಿಯ ಖಾತೆಯ ಒಡೆಯ ಕಂಪನಿ. ಇವತ್ತು ಸಂಜೆಯೇ ನಿಮ್ಮ ಆಫೀಸ್ ಮೆಷಿನ್‌ನ ಡೆಸ್ಕ್‌ಟಾಪ್ ತೆರೆದು ಸ್ವಂತ ಕಾಗದಗಳು ಏನೇನಿವೆ ನೋಡಿ. ಪೆನ್‌ಡ್ರೈವ್ ಹಾಕುವ, ಹೊರಗೆ ಮೇಲ್ ಮಾಡುವ ಮುನ್ನ ಕಂಪನಿಯ ನಿಯಮ ಓದಿಕೊಳ್ಳಿ, ಬೇಕಿದ್ದರೆ ಕೇಳಿಯೇ ತೆಗೆದುಕೊಳ್ಳಿ. ಡ್ರೈವಿಂಗ್ ಲೈಸೆನ್ಸ್, ಆರ್‌ಸಿ, ಅಂಕಪಟ್ಟಿಗಳಿಗಾದರೆ ಡಿಜಿಲಾಕರ್ ಇದೆ. ಇಲಾಖೆಯಿಂದ ನೇರವಾಗಿ ಅಲ್ಲಿಗೆ ಬಂದ ದಾಖಲೆಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಮಾನ್ಯತೆ. ನಾವೇ ಫೋಟೋ ಹೊಡೆದು ಅಪ್‌ಲೋಡ್ ಮಾಡಿದ್ದಕ್ಕೆ ಅದು ಅನ್ವಯಿಸದು.

ಇನ್ನು ಕನ್ನಡದವರಿಗೇ ಮೀಸಲಾದ ಒಂದು ತಲೆನೋವು. ನಮ್ಮಪ್ಪ ನಿವೃತ್ತ ಮೇಷ್ಟ್ರು. ಮನೆತನದ ಇತಿಹಾಸವನ್ನೆಲ್ಲ ಹಳೇ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಅದನ್ನು ಡ್ರೈವ್‌ಗೆ ಹಾಕಿ ಫೋನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಹಳೇ ನುಡಿ ಫೈಲುಗಳಲ್ಲಿ ಇರೋದು ಯೂನಿಕೋಡ್ ಕನ್ನಡವಲ್ಲ, ಆ ಫಾಂಟ್ ಇದ್ದರೆ ಮಾತ್ರ ಕನ್ನಡದಂತೆ ಕಾಣುವ ಸಂಕೇತಗಳು. ಫೋನಿನಲ್ಲಿ ಆ ಫಾಂಟ್ ಇಲ್ಲ. ಅಜ್ಜನ ಹೆಸರು ಟೈಪ್ ಮಾಡಿ ಹುಡುಕಿದರೂ ಸಿಗದು. ಇಂಥ ಫೈಲುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಆಮೇಲೆ ಮೇಲೇರಿಸಬೇಕು. ಜೊತೆಗೆ ಹಳೇ ಕಂಪ್ಯೂಟರಿನಿಂದಲೇ ಒಂದು ಪಿಡಿಎಫ್ ಮಾಡಿಟ್ಟರೆ ಒತ್ತಕ್ಷರ ಎಲ್ಲಿ ತಪ್ಪಿದೆ ಅಂತ ತಾಳೆ ನೋಡಬಹುದು. ಎರಡು ಭಾನುವಾರ ನಾನು, ಅಪ್ಪ ಕೂತು ಮಾಡಿದ್ದು ಇದನ್ನೇ.

ಯಾವ ಕ್ಲೌಡ್ ಇದ್ದರೂ ಮನೆಯಲ್ಲೊಂದು ಹಾರ್ಡ್‌ಡಿಸ್ಕ್ ಇರಲಿ. ಯುಗಾದಿ, ದೀಪಾವಳಿಗೆ ಒಮ್ಮೊಮ್ಮೆ ಫೋಟೋ ಕಾಪಿ ಮಾಡಿ, ವೈರ್ ಕಿತ್ತು ಬೀರುವಿನಲ್ಲಿಟ್ಟರೆ ಸಾಕು. ಅದಕ್ಕೆ ಯಾವ ಸಿಂಕೂ ತಟ್ಟದು.

ಕೊನೆಗೆ, ಯಾರೂ ಮಾತಾಡಲು ಇಷ್ಟಪಡದ ಒಂದು ವಿಷಯ: ನಾವೇ ಇಲ್ಲವಾದರೆ? ಎರಡು ವರ್ಷ ಬಳಸದೇ ಬಿಟ್ಟ ಖಾತೆಯನ್ನು ಅಳಿಸುವ ಹಕ್ಕು ಗೂಗಲ್‌ಗಿದೆ. ಆ್ಯಪಲ್‌ನಲ್ಲಿ ‘ಲೆಗಸಿ ಕಾಂಟ್ಯಾಕ್ಟ್’ ಅಂತ ಒಬ್ಬರನ್ನು ಹೆಸರಿಸಿಟ್ಟರೆ, ಆ ಕೀ ಮತ್ತು ಮರಣ ಪ್ರಮಾಣಪತ್ರ ತೋರಿಸಿ ಅವರು ಫೋಟೋಗಳನ್ನು ಪಡೆಯಬಹುದು. ಗೂಗಲ್‌ನಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಇದೆ. ಎಷ್ಟು ತಿಂಗಳು ಸದ್ದಿಲ್ಲದಿದ್ದರೆ ಯಾರಿಗೆ ಯಾವ ಡೇಟಾ ಹೋಗಬೇಕು ಅಂತ ಮೊದಲೇ ಬರೆದಿಡಬಹುದು. ನಾನು ತಂಗಿಯ ಹೆಸರು ಹಾಕಿದೆ. ವಿಷಯ ತಿಳಿದು ಫೋನ್ ಮಾಡಿ, “ಅಣ್ಣಾ, ಇದೆಲ್ಲ ಯಾಕೋ ಈಗ? ನಿನ್ನ ಮೇಲ್ ಎಲ್ಲಾ ನಾನು ಓದ್ಬೇಕಾ?” ಅಂದಳು. ಡ್ರೈವ್ ಮತ್ತು ಫೋಟೋಸ್‌ಗೆ ಮಾತ್ರ ಟಿಕ್ ಹಾಕಿದ್ದೀನಿ, ಜಿಮೇಲ್‌ಗೆ ಹಾಕಿಲ್ಲ ಅಂದೆ.